ಹಡಗಿಗೆ ಹೋಗುತ್ತಿದ್ದ ಅಪ್ಪನ ಜೀವನ ಬರೆದಿಡಬೇಕು: ಸಿಡಿಸಿ, ಕಾಗದ, ಕ್ಯಾಸೆಟ್ ಇವನ್ನೆಲ್ಲ ಓದುವುದು ಹೇಗೆ?

ಪಡುಕರೆ
ಎಲ್ಲರಿಗೂ ನಮಸ್ಕಾರ. ಅಪ್ಪ 1961ರಿಂದ 1989ರ ತನಕ ಹಡಗಿನಲ್ಲಿದ್ದರು, ಎಂಜಿನ್ ವಿಭಾಗ. ಈಗ ಅವರಿಲ್ಲ. ಮೊಮ್ಮಕ್ಕಳು ಓದುವಂಥ ನಲವತ್ತು ಐವತ್ತು ಪುಟದ ಪುಸ್ತಕ ಮಾಡಬೇಕು ಅಂತ ಉಂಟು. ಟ್ರಂಕಿನಲ್ಲಿರುವುದು ಎರಡು ಸಿಡಿಸಿ (ಹಡಗಿನ ನೌಕರಿಯ ದಾಖಲೆ ಪುಸ್ತಕ; ಒಂದರ ರಟ್ಟು ಕಿತ್ತುಹೋಗಿದೆ), ಸಂಬಳದ ಚೀಟಿಗಳ ಒಂದು ಕಟ್ಟು, ಸುಮಾರು 200 ಏರೋಗ್ರಾಂ (ಮಡಚಿ ಕಳಿಸುವ ವಿಮಾನ ಅಂಚೆ ಕಾಗದ; ಅರ್ಧಕ್ಕೆ ತಾರೀಖೇ ಇಲ್ಲ), ಎರಡು ರೇಡಿಯೊ ಟೆಲಿಗ್ರಾಂ, ಫೋಟೊ, ಆರು ಕ್ಯಾಸೆಟ್.

ಸಿಡಿಸಿಯಲ್ಲಿ ಎಲ್ಲಿಂದ ಎಲ್ಲಿಗೆ ಹೋದರು ಅಂತ ಎಲ್ಲೂ ಇಲ್ಲ. ಮೊದಲ ಪುಟಗಳಲ್ಲಿ ‘ಫೈರ್‌ಮನ್’, ಆಮೇಲೆ ‘ಆಯಿಲ್‌ಮನ್’, ಕೊನೆಗೆ ‘ಕಸಬ್’ ಅಂತ ಉಂಟು. ಕಸಬ್ ಅಂದರೆ ಕಸಬು ಅಂತಲೇ ಅರ್ಥವಾ? ಎಲ್ಲಿಂದ ಶುರು ಮಾಡುವುದು?

ಸುಖಾನಿ
ಕಸಬ್ ಅಂದರೆ ನಮ್ಮ ಕಸಬು ಅಲ್ಲ. ಅದು ಹುದ್ದೆ, ಸ್ಟೋರಿನ ಉಸ್ತುವಾರಿ. ಎಂಜಿನ್ ಕಸಬ್ ಅಂದರೆ ಬಿಡಿಭಾಗ, ಪ್ಯಾಕಿಂಗ್, ಗ್ರೀಸು, ಒರೆಸುವ ಹತ್ತಿ ನೂಲು, ಉಪಕರಣ ಎಲ್ಲ ಅವರ ಕೈಯಲ್ಲಿ. ಹಳೆ ಹೆಸರುಗಳು ಇವು: ಸೆರಂಗ್ ಅಂದರೆ ಆ ವಿಭಾಗದ ಖಲಾಸಿಗಳ ಮುಖಂಡ, ಟಿಂಡಲ್ ಅವನ ಕೈಕೆಳಗಿನವ, ಸುಖಾನಿ ಚುಕ್ಕಾಣಿ ಹಿಡಿಯುವವ, ಭಂಡಾರಿ ಖಲಾಸಿಗಳ ಅಡುಗೆಯವ, ಟೋಪಾಸ್ ಶುಚಿ ಮಾಡುವವ. ಡೆಕ್ಕಿಗೊಬ್ಬ ಸೆರಂಗ್, ಎಂಜಿನ್ನಿಗೊಬ್ಬ ಸೆರಂಗ್ ಬೇರೆ ಬೇರೆ. ಫೈರ್‌ಮನ್‌ಗೆ ಆಗ್‌ವಾಲಾ ಅಂತಲೂ, ಆಯಿಲ್‌ಮನ್‌ಗೆ ತೇಲ್‌ವಾಲಾ ಅಂತಲೂ ಕರೆಯುತ್ತಿದ್ದರು.

ಫೈರ್‌ಮನ್‌ನಿಂದ ಕಸಬ್‌ಗೆ ಬಂದಿದ್ದಾರೆ ಅಂದರೆ ನಂಬಿಕೆ ಗಳಿಸಿದವರು ಅಂತ. ಸ್ಟೋರಿನ ಬೀಗದ ಕೈಯನ್ನು ಎಲ್ಲರಿಗೂ ಕೊಡುವುದಿಲ್ಲ.

ಕಾಗದಪತ್ರ
ಓದುವುದಕ್ಕಿಂತ ಮೊದಲು ಒಂದು ಮಾತು. ದಯವಿಟ್ಟು ಯಾವುದನ್ನೂ ಲ್ಯಾಮಿನೇಶನ್ ಮಾಡಿಸಬೇಡಿ. ರಟ್ಟು ಕಿತ್ತ ಸಿಡಿಸಿಗೆ ಸೆಲ್ಲೋಟೇಪ್ ಹಚ್ಚಬೇಡಿ. ಬಿಳಿ ಹತ್ತಿ ಲಾಡಿಯಿಂದ ಸಡಿಲಾಗಿ ಕಟ್ಟಿಡಿ, ಸಾಕು.

ಬೆಂಗ್ಳೂರ್‌ಮಳೆ
ಲ್ಯಾಮಿನೇಶನ್ ಯಾಕೆ ಬೇಡ? ಕರಾವಳಿ ಮಳೆಗಾಲದಲ್ಲಿ ತೇವ ತಾಗದ ಹಾಗೆ ಇರುತ್ತಲ್ವಾ.

ಕಾಗದಪತ್ರ
ಇಲ್ಲ. ಬಿಸಿ ರೋಲರಿನಲ್ಲಿ ಅಂಟು ಕಾಗದದ ನಾರಿನೊಳಗೆ ಕರಗಿ ಇಳಿಯುತ್ತದೆ, ಮತ್ತೆ ಬಿಡಿಸಲಿಕ್ಕಾಗುವುದಿಲ್ಲ. ಕಾಗದದಲ್ಲಿ ಮೊದಲೇ ಇದ್ದ ಆಮ್ಲ, ತೇವ ಎರಡೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ನೇರಳೆ ಠಸ್ಸೆಯ ಶಾಯಿ ಬಿಸಿಗೆ ಹರಡುವುದೂ ಉಂಟು. ಸಿಡಿಸಿ ಹೊಲಿದ ಪುಸ್ತಕ, ಲ್ಯಾಮಿನೇಶನ್ ಮಾಡಬೇಕಾದರೆ ಹಾಳೆ ಕೀಳಬೇಕು, ಅಲ್ಲಿಗೆ ದಾಖಲೆ ಹಾಳಾದಂತೆ.

ತೇವಕ್ಕೆ ಬೇರೆ ದಾರಿ ಉಂಟು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ, ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ, ಇನ್ನೂರು ಮುನ್ನೂರು ರೂಪಾಯಿಯ ತೇವಮಾಪಕ ಒಂದನ್ನು ಒಳಗಿಡಿ. ಮುಳ್ಳು 50ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, 65 ದಾಟಿದರೆ ಬೂಷ್ಟು ಬರಲು ಶುರು. ಜೆಲ್ಲಿನ ಬಣ್ಣ ತಿರುಗಿದ ಮೇಲೆ 110–120 ಡಿಗ್ರಿಯಲ್ಲಿ ಎರಡು ಗಂಟೆ ಓವನ್‌ನಲ್ಲಿಟ್ಟರೆ ಮತ್ತೆ ಬಳಸಬಹುದು. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಫೋಟೊಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಬೇವಿನ ಸೊಪ್ಪೂ ಬೇಡ, ಕಲೆ ಬೀಳುತ್ತದೆ. ಕಬ್ಬಿಣದ ಟ್ರಂಕನ್ನು ಖಾಲಿ ಮಾಡಿ ನೆನಪಿಗೆ ಇಟ್ಟುಕೊಳ್ಳಿ, ಕಾಗದ ಮಾತ್ರ ಅದರಲ್ಲಿ ಬೇಡ.

ಹಳೆಬಂದರು
ಸಿಡಿಸಿ ಓದುವ ಕ್ರಮ ಹೇಳುತ್ತೇನೆ. ಪ್ರತಿ ನಮೂದಿನಲ್ಲಿ ಇರುವುದು ಹಡಗಿನ ಹೆಸರು, ಅಫಿಶಿಯಲ್ ನಂಬರು (ಹಡಗಿನ ನೋಂದಣಿ ಸಂಖ್ಯೆ), ನೋಂದಣಿಯ ಬಂದರು, ಗ್ರಾಸ್ ಟನ್ನೇಜ್, ಸೈನ್ ಆನ್ ಆದ (ಹಡಗಿಗೆ ಸೇರಿದ) ತಾರೀಖು ಮತ್ತು ಜಾಗ, ಹುದ್ದೆ, ಸೈನ್ ಆಫ್ ಆದ (ಹಡಗು ಬಿಟ್ಟ) ತಾರೀಖು ಮತ್ತು ಜಾಗ, ಪ್ರಯಾಣದ ಬಗೆ, ಕೊನೆಗೆ ಕೆಲಸ ಮತ್ತು ನಡತೆಯ ಬಗ್ಗೆ ಠಸ್ಸೆ. ಪ್ರಯಾಣದ ಬಗೆಯಲ್ಲಿ ‘ಎಫ್.ಜಿ.’ ಅಂದರೆ ವಿದೇಶ ಪ್ರಯಾಣ, ‘ಎಚ್.ಟಿ.’ ಅಂದರೆ ಹೋಮ್ ಟ್ರೇಡ್, ಅಂದರೆ ಹತ್ತಿರದ ಕರಾವಳಿ. ಅದಕ್ಕಿಂತ ಹೆಚ್ಚು ಅಲ್ಲಿ ಬರೆಯುವುದಿಲ್ಲ, ಅದಕ್ಕೇ ನಿಮಗೆ ಊರುಗಳು ಸಿಕ್ಕಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವುದು ಅಫಿಶಿಯಲ್ ನಂಬರು. ಒಂದೇ ಹೆಸರಿನ ಹಡಗು ನಾಲ್ಕಾರು ಇರುತ್ತವೆ, ನಂಬರು ಮಾತ್ರ ಒಂದೊಂದಕ್ಕೂ ಬೇರೆ. ಹೆಸರಿನ ಮೇಲೆ ಹುಡುಕಿದರೆ ಬೇರೆ ಯಾವುದೋ ಹಡಗಿನ ಫೋಟೊ ಪುಸ್ತಕದಲ್ಲಿ ಹೋಗಿ ಕೂರುತ್ತದೆ. ಇಂಥ ತಪ್ಪು ತುಂಬ ಆಗುತ್ತದೆ.

ಎಲ್ಲ ಕಡೆ ‘ವೆರಿ ಗುಡ್’ ಅಂತಿದ್ದರೆ ಸಂತೋಷ. ಎಲ್ಲಾದರೂ ‘ವರದಿ ನೀಡಲು ನಿರಾಕರಿಸಿದೆ’ ಎಂಬ ಅರ್ಥದ ಠಸ್ಸೆ ಇದ್ದರೆ ಗಾಬರಿಯಾಗಬೇಡಿ, ಅದನ್ನು ಮುಚ್ಚಿಡಲೂ ಬೇಡಿ. ಕ್ಯಾಪ್ಟನ್ ಒಳ್ಳೆಯ ವರದಿ ಕೊಡಲಿಲ್ಲ ಅನ್ನುವುದಷ್ಟೇ ಅದರಿಂದ ತಿಳಿಯುವುದು, ತಪ್ಪು ಯಾರದು ಅಂತ ಅದು ಹೇಳುವುದಿಲ್ಲ.

ಕುಂದಾಪ್ರದವ
ಐಎಂಒ ನಂಬರ್ ಹಾಕಿ ಹುಡುಕ್ರೆ ಆತ್ತಲೆ? ಎಲ್ಲ ಹಡಗಿಗೂ ಅದ್ ಇತ್ತಲ್ದಾ?

ಹಳೆಬಂದರು
1961ರ ಪುಟದಲ್ಲಿ ಅದು ಇರುವುದಿಲ್ಲ ಮಾರಾಯ್ರೆ. ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಂಬರಿನ ಪದ್ಧತಿ ಬಂದದ್ದು 1987ರಲ್ಲಿ, ಕಡ್ಡಾಯ ಆದದ್ದು 1996ರ ಜನವರಿ 1ರಿಂದ. ಆದರೆ ಅದಕ್ಕೆ ತಳಹದಿ ಲಾಯ್ಡ್ಸ್ ರಿಜಿಸ್ಟರಿನ ಏಳಂಕಿಯ ನಂಬರು, ಹಾಗಾಗಿ ಹಳೆ ಹಡಗುಗಳಿಗೂ ಹಡಗಿನ ಪಟ್ಟಿಗಳಲ್ಲಿ ಅಂಥ ನಂಬರು ಕಾಣುತ್ತದೆ. ಹಡಗು ಹತ್ತು ಸಲ ಹೆಸರು ಬದಲಿಸಿದರೂ, ಧ್ವಜ ಬದಲಿಸಿದರೂ ಆ ನಂಬರು ಬದಲಾಗುವುದಿಲ್ಲ.

ನಕಲು ಮಾಡಿದ್ದು ಸರಿಯಾ ಅಂತ ಪರೀಕ್ಷೆ ಮಾಡಲೂ ಬರುತ್ತದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ. ಮೊತ್ತದ ಕೊನೆ ಅಂಕಿಯೇ ಏಳನೇ ಅಂಕಿ ಆಗಿರಬೇಕು. 9074729 ತಗೊಳ್ಳಿ: 63, 0, 35, 16, 21, 4, ಒಟ್ಟು 139. ಕೊನೆಯದು 9, ಸರಿ ಉಂಟು. ಹೊಂದದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

ಸುಖಾನಿ
ಹೆಸರಿನ ಮುಂದೆ ಹಿಂದೆ ನೋಡಿದರೂ ಕಂಪನಿ ತಿಳಿಯುತ್ತದೆ. ‘ಜಲ’ದಿಂದ ಶುರುವಾದರೆ ಸಿಂಧಿಯಾ, ‘ಜಗ್’ ಇದ್ದರೆ ಗ್ರೇಟ್ ಈಸ್ಟರ್ನ್, ‘ವಿಶ್ವ’ ಅಥವಾ ‘ಸ್ಟೇಟ್ ಆಫ್’ ಇದ್ದರೆ ಶಿಪ್ಪಿಂಗ್ ಕಾರ್ಪೊರೇಶನ್. ಬ್ರಿಟಿಷ್ ಇಂಡಿಯಾ ಕಂಪನಿಯ ಹೆಸರುಗಳು ‘ಆ’ಕಾರದಲ್ಲಿ ಮುಗಿಯುತ್ತವೆ: ದ್ವಾರ್ಕಾ, ದಾರಾ, ರಜುಲಾ, ಕರಂಜಾ. ಶಿಪ್ಪಿಂಗ್ ಕಾರ್ಪೊರೇಶನ್ ಹುಟ್ಟಿದ್ದೇ 1961ರ ಅಕ್ಟೋಬರ್ 2ರಂದು, ಈಸ್ಟರ್ನ್ ಮತ್ತು ವೆಸ್ಟರ್ನ್ ಎರಡೂ ಕಾರ್ಪೊರೇಶನ್ ಸೇರಿ. ಅದಕ್ಕಿಂತ ಹಿಂದಿನ ನಮೂದಿಗೆ ಆ ಹೆಸರು ಬರೆದರೆ ತಪ್ಪಾಗುತ್ತದೆ.

ಪಡುಕರೆ
ಮೊದಲ ಮೂರು ಹೆಸರು ಆಕಾರದಲ್ಲೇ ಮುಗಿಯುತ್ತವೆ! ಆಮೇಲೆ ಜಲ, ಆಮೇಲೆ ವಿಶ್ವ. ಹಾಗಾದರೆ ಬ್ರಿಟಿಷ್ ಹಡಗಿನದ್ದಕ್ಕೆ ಹೆಚ್ಚಿನ ದಾಖಲೆ ಸಿಗಬಹುದಾ?

ಹಳೆಬಂದರು
ಸಿಗುವ ಸಾಧ್ಯತೆ ಚೆನ್ನಾಗಿಯೇ ಉಂಟು. ಬ್ರಿಟನ್ನಿನಲ್ಲಿ ನೋಂದಾಯಿಸಿದ ಹಡಗುಗಳ ಕ್ರೂ ಲಿಸ್ಟುಗಳಲ್ಲಿ (ಸಿಬ್ಬಂದಿಯ ಪಟ್ಟಿಗಳಲ್ಲಿ) 1863–1938 ಮತ್ತು 1951–1976ರ ಅವಧಿಯ ಸುಮಾರು 70 ಶೇಕಡಾ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿವೆ. ಸುಮಾರು 10 ಶೇಕಡಾ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ. 5ರಲ್ಲಿ ಮುಗಿಯುವ ವರ್ಷಗಳದ್ದು, ಅಂದರೆ 1955, 1965, 1975, ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ. ಕೇಳುವಾಗ ಅಪ್ಪನ ಹೆಸರು ಆಮೇಲೆ, ಮೊದಲು ಅಫಿಶಿಯಲ್ ನಂಬರು ಮತ್ತು ವರ್ಷ ಕೊಡಿ. ಅಲ್ಲಿ ಕಟ್ಟು ಜೋಡಿಸಿರುವುದೇ ಆ ಕ್ರಮದಲ್ಲಿ.

ಏಷ್ಯಾದ ಖಲಾಸಿಗಳ ಒಪ್ಪಂದ ಪತ್ರ ಬೇರೆ ಇರುತ್ತಿತ್ತು, ಅಧಿಕಾರಿಗಳದ್ದು ಬೇರೆ. ‘ಏಷ್ಯನ್ ಅಗ್ರಿಮೆಂಟ್ ಉಂಟಾ’ ಅಂತ ಬಿಡಿಸಿ ಕೇಳಿ, ಇಲ್ಲದಿದ್ದರೆ ಅಧಿಕಾರಿಗಳ ಪಟ್ಟಿ ಮಾತ್ರ ಕಳಿಸಿ ‘ಹೆಸರಿಲ್ಲ’ ಅಂದುಬಿಡುತ್ತಾರೆ. ಹೆಸರಿನ ಕಾಗುಣಿತವೂ ಕಿವಿಗೆ ಕೇಳಿದ ಹಾಗೆ ಬರೆದಿರುತ್ತಾರೆ. ನಾಲ್ಕೈದು ಬಗೆಯಲ್ಲಿ ಬರೆದು ಹುಡುಕಿ, ಊರಿನ ಹೆಸರೇ ಅಡ್ಡಹೆಸರಾಗಿ ಹೋಗಿರುತ್ತದೆ ಕೆಲವು ಸಲ.

ತಾರ್ವಟಿ
ಹುಟ್ಟಿದ ತಾರೀಖನ್ನೂ ನಂಬಬೇಡಿ. ಹಳೆ ಸಿಡಿಸಿಗಳಲ್ಲಿ ಅಂದಾಜು ತಾರೀಖು ತುಂಬ. ಜನವರಿ 1, ಜುಲೈ 1 ಕಂಡರೆ ಶಾಲೆಯ ದಾಖಲೆ ಅಥವಾ ಇಗರ್ಜಿಯ ಪುಸ್ತಕದ ಜೊತೆ ತಾಳೆ ನೋಡಿ.

ಬಾಯ್ಲರ್‌ಸೂಟು
ಗ್ರಾಸ್ ಟನ್ನೇಜ್ ಬಗ್ಗೆ ಯಾರೂ ಹೇಳಲಿಲ್ಲ. ‘9,000 ಟನ್ ತೂಕದ ಹಡಗು’ ಅಂತ ಪುಸ್ತಕದಲ್ಲಿ ಬರೆಯಬೇಡಿ. ಅದು ತೂಕ ಅಲ್ಲ, ಒಳಗಿನ ಜಾಗದ ಅಳತೆ. ಹಳೆ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ರಿಜಿಸ್ಟರ್ ಟನ್. 1969ರ ಒಪ್ಪಂದ 1982ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಲೆಕ್ಕದ ಕ್ರಮವೇ ಬದಲಾಯಿತು. ಸರಕು ಎಷ್ಟು ಹೊರುತ್ತದೆ ಅನ್ನುವುದು ಡೆಡ್‌ವೆಯ್ಟ್, ಅದು ಸಿಡಿಸಿಯಲ್ಲಿ ಇರುವುದಿಲ್ಲ.

ಇನ್ನು ಫೈರ್‌ಮನ್ ಅಂದ ಕೂಡಲೇ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವವರು ಅಂತ ಬರೆಯುವವರಿದ್ದಾರೆ. 1961ರ ಹೊತ್ತಿಗೆ ಹೆಚ್ಚಿನ ಉಗಿ ಹಡಗುಗಳಲ್ಲಿ ಎಣ್ಣೆಯ ಬೆಂಕಿ. ಫೈರ್‌ಮನ್‌ನ ಕೆಲಸ ಬರ್ನರ್ ನೋಡಿಕೊಳ್ಳುವುದು. ಬರ್ನರ್ ಕೊಳವೆ ಕಳಚಿ ಹೊರಗೆಳೆಯಬೇಕು, ತುದಿಯಲ್ಲಿ ಗಟ್ಟಿಕಟ್ಟಿದ ಮಸಿಯನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ ಹಿತ್ತಾಳೆ ಉಪಕರಣದಿಂದ ತೆಗೆಯಬೇಕು. ಉಕ್ಕಿನ ಸೂಜಿ ಹಾಕಿದರೆ ತೂತು ಅಗಲವಾಗಿ ಎಣ್ಣೆ ಸರಿಯಾಗಿ ಸಿಂಪಡಿಸುವುದಿಲ್ಲ, ಹನಿ ಬೀಳುತ್ತದೆ, ಜ್ವಾಲೆ ಇಟ್ಟಿಗೆಗೆ ತಾಗುತ್ತದೆ. ಹೊಗೆ ನೋಡಿ ಗಾಳಿ ಹೊಂದಿಸಬೇಕು. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ, ಬಿಳಿ ಬಂದರೆ ಗಾಳಿ ಹೆಚ್ಚು. ಆ ಕಾಲದ ಫೈರ್‌ಮನ್‌ಗಳ ಮುಂಗೈಯಲ್ಲಿ ಚಿಕ್ಕ ಚಿಕ್ಕ ಸುಟ್ಟ ಕಲೆಗಳಿರುತ್ತಿದ್ದವು, ಬಿಸಿ ಕೊಳವೆ ಹೊರಗೆಳೆಯುವಾಗ ತಾಗಿದ್ದು. ಫೋಟೊದಲ್ಲಿ ಮುಂಗೈ ಕಾಣುತ್ತದಾ ನೋಡಿ.

ಆಯಿಲ್‌ಮನ್ ಆದ ಮೇಲೆ ಸುತ್ತು ಹಾಕುವ ಕೆಲಸ. ಗಂಟೆಗೊಮ್ಮೆ ಮೇಲಿನಿಂದ ಕೆಳಗೆ: ಎಕ್ಸಾಸ್ಟ್ ಥರ್ಮಾಮೀಟರ್, ಎಣ್ಣೆ ಹರಿಯುವ ಗಾಜು, ಕ್ರ್ಯಾಂಕ್‌ಕೇಸ್ ಬಾಗಿಲಿನ ಬಿಸಿ, ಶಾಫ್ಟ್ ಟನಲ್‌ನ ಬೇರಿಂಗ್, ಹಡಗಿನ ತಳದ ಬಿಲ್ಜ್ ನೀರಿನ ಮಟ್ಟ, ಹಿಂದೆ ಸ್ಟೀರಿಂಗ್ ಗೇರ್. ಬೇರಿಂಗ್ ಬಿಸಿಯಾಗಿದೆಯಾ ಅಂತ ಥರ್ಮಾಮೀಟರಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಕೆಳಗೆ 45 ಡಿಗ್ರಿ ಸಾಮಾನ್ಯ. ಇದನ್ನು ಒಂದು ಪೂರ್ತಿ ಅಧ್ಯಾಯ ಮಾಡಿ.

ಸುಖಾನಿ
ವಾಚಿನ, ಅಂದರೆ ಪಾಳಿಯ, ಹೊತ್ತು ಸೇರಿಸಿ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ದಿನಕ್ಕೆ ಎರಡು ಸಲ. 12–4 ವಾಚ್ ಅಂದರೆ ಮಧ್ಯಾಹ್ನ 12ರಿಂದ 4, ಮತ್ತೆ ನಡುರಾತ್ರಿ 12ರಿಂದ 4. ಆ ವಾಚಿನಲ್ಲಿದ್ದ ಖಲಾಸಿಗೆ ಪ್ರಯಾಣದ ಅಷ್ಟೂ ದಿನ ನಿದ್ದೆ ಎರಡು ತುಂಡು. ಎಂಜಿನ್ನಿನಲ್ಲಿ 12–4 ಥರ್ಡ್ ಎಂಜಿನಿಯರ್ ಜೊತೆ, 4–8 ಸೆಕೆಂಡ್ ಜೊತೆ, 8–12 ಫೋರ್ತ್ ಜೊತೆ. ಕಾಗದದಲ್ಲಿ ‘ತೀನ್ ಸಾಬ್’ ಅಂತ ಬರೆದಿದ್ದರೆ ಅದು ಥರ್ಡ್, ಹಾಗಾದರೆ ವಾಚ್ 12–4.

ಬೆಂಗ್ಳೂರ್‌ಮಳೆ
ಎಂಜಿನಿಯರುಗಳ ಭುಜದ ಪಟ್ಟಿಯಲ್ಲಿ ನೇರಳೆ ಬಣ್ಣ ಟೈಟಾನಿಕ್‌ನಲ್ಲಿ ಸತ್ತ ಎಂಜಿನಿಯರುಗಳ ನೆನಪಿಗೆ ಅಂತಾರೆ, ಇದನ್ನೂ ಹಾಕ್ಬಹುದು ಪುಸ್ತಕದಲ್ಲಿ.

ಬಾಯ್ಲರ್‌ಸೂಟು
ಹಾಕಬೇಡಿ, ಅದು ಕಟ್ಟುಕಥೆ. ಬ್ರಿಟಿಷ್ ನೌಕಾಪಡೆಯಲ್ಲಿ ಎಂಜಿನಿಯರುಗಳಿಗೆ ನೇರಳೆ 1860ರ ದಶಕದಲ್ಲೇ ಬಂದಿತ್ತು. ಟೈಟಾನಿಕ್ ಮುಳುಗಿದ್ದು 1912.

ಅಘನಾಶಿನಿ
ಕಾರವಾರದ ಕಡಲತೀರದ ಯುದ್ಧನೌಕೆ ಮ್ಯೂಸಿಯಂಗೆ ಸಿಡಿಸಿ ಕೊಟ್ಟರೆ ಹೇಗೆ? ಮನೆಯಲ್ಲಿ ಹಾಳಾಗುವುದಕ್ಕಿಂತ ಒಳ್ಳೆಯದಲ್ಲವೇ.

ತಾರ್ವಟಿ
ಅದು ನೌಕಾಪಡೆಯದ್ದು, ಇವರು ವ್ಯಾಪಾರಿ ಹಡಗಿನವರು. ಊರಿನಲ್ಲಿ ಎರಡನ್ನೂ ಒಂದೇ ಅಂತ ತಿಳಿಯುತ್ತಾರೆ, ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಮೂಲ ಮನೆಯಲ್ಲೇ ಇರಲಿ, ಯಾರಿಗಾದರೂ ಕೊಡುವುದಾದರೆ ಸ್ಕ್ಯಾನ್ ಕೊಡಿ.

ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಯಲ್ಲಿ ಹೋಗುತ್ತಿದ್ದವರದ್ದು ಇನ್ನೂ ಬೇರೆ ಲೋಕ. ಹೆಂಚು, ಅಕ್ಕಿ, ಕಲ್ಲು ಹೊತ್ತು ಹೋಗುವ ಮರದ ಹಡಗು. ಅವರ ಕಾಗದಪತ್ರವೇ ಬೇರೆ, ಈ ಕ್ರಮದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕುಂದಾಪ್ರದವ
ಎರಡನೇ ಮಹಾಯುದ್ಧದಗೆ ಹಡಗ್ ಮುಳ್ಗಿ ಹೋದರ್ ಹೆಸ್ರ್ ಎಲ್ ಸಿಕ್ಕತ್ ಕಾಂಬ?

ಹಳೆಬಂದರು
ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಶನ್‌ನ ಪಟ್ಟಿಯಲ್ಲಿ. ಸಮುದ್ರದಲ್ಲಿ ತೀರಿಕೊಂಡ, ಸಮಾಧಿಯಿಲ್ಲದ ಅವಿಭಜಿತ ಭಾರತದ ನಾವಿಕರಿಗೆ ಬಾಂಬೆ ಮತ್ತು ಚಿತ್ತಗಾಂಗ್ 1939–1945 ಯುದ್ಧ ಸ್ಮಾರಕಗಳಿವೆ, 6 ಸಾವಿರಕ್ಕೂ ಹೆಚ್ಚು ಹೆಸರು. ಹೆಸರಿನ ಪುಸ್ತಕ ಮುಂಬೈಯ ಸೀಮೆನ್ಸ್ ಹೋಮ್‌ನಲ್ಲಿ ಉಂಟು, ಕಮಿಶನ್ನಿನ ತಾಣದಲ್ಲೂ ಹುಡುಕಬಹುದು. ಹಡಗಿನ ಹೆಸರು ಗೊತ್ತಿದ್ದರೆ ಅದನ್ನೇ ಹಾಕಿ, ಮನುಷ್ಯರ ಹೆಸರಿನ ಕಾಗುಣಿತ ಅಲ್ಲೂ ಹಾಗೆಯೇ.

ಕಾಗದಪತ್ರ
ಏರೋಗ್ರಾಂ ವಿಷಯ. ತಾರೀಖಿಲ್ಲದ್ದಕ್ಕೆ ಅಂಚೆ ಠಸ್ಸೆಯೇ ಗತಿ. ಠಸ್ಸೆ ನೇರಳೆಯಾಗಿ ಮಾಸಿದ್ದರೆ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಆಮೇಲೆ ಹಸಿರು ಚಾನೆಲ್ ಒಂದನ್ನೇ ತೆರೆದು ನೋಡಿ. ನೇರಳೆ ಹಸಿರು ಬೆಳಕನ್ನು ಹೀರುವುದರಿಂದ ಅಕ್ಷರ ಕಪ್ಪಾಗಿ ಮೇಲೆ ಬರುತ್ತದೆ. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಈ ದಾರಿ ಮುಚ್ಚಿಹೋಯಿತು. ಕಾಗದಕ್ಕೆ 300 ಡಿಪಿಐ, ಫೋಟೊಗೆ 600, ನೆಗೆಟಿವ್‌ಗೆ 2400. ಸಿಡಿಸಿಯ ಖಾಲಿ ಪುಟವನ್ನೂ ಬಿಡಬೇಡಿ, ಹಿಂದಿನ ಪುಟದ ಠಸ್ಸೆಯ ಒತ್ತು ಅಲ್ಲಿ ಮೂಡಿರುತ್ತದೆ.

ಲಕೋಟೆಗಳಿದ್ದರೆ ‘ಪಾಕೆಬೋ’ ಅಂತ ಠಸ್ಸೆ ಉಂಟಾ ನೋಡಿ. ಹಡಗಿನ ಮೇಲೆ ಹಾಕಿದ ಕಾಗದಕ್ಕೆ ಮುಂದಿನ ಬಂದರಿನಲ್ಲಿ ಹೊಡೆಯುವ ಠಸ್ಸೆ ಅದು. ಭಾರತದ ಅಂಚೆಚೀಟಿ, ಹೊರದೇಶದ ಠಸ್ಸೆ, ಎರಡೂ ಒಟ್ಟಿಗೆ ಕಂಡರೆ ಆಶ್ಚರ್ಯಪಡಬೇಡಿ. ಚೀಟಿ ಕತ್ತರಿಸಿ ತೆಗೆಯಬೇಡಿ.

ಸುಖಾನಿ
ಸೂಯೆಜ್ ಕೂಡ ಒಂದು ಗಡಿಯಾರ. ಕಾಲುವೆ 1967ರ ಜೂನ್ 5ಕ್ಕೆ ಮುಚ್ಚಿ, ಮತ್ತೆ ತೆರೆದದ್ದು 1975ರ ಜೂನ್ 5ಕ್ಕೆ. ಕಾಲುವೆ ದಾಟಿದ ಬಗ್ಗೆ ಬರೆದಿದ್ದರೆ ಆ ಕಾಗದ ಈ ಎಂಟು ವರ್ಷಗಳಲ್ಲಿ ಬರೆದದ್ದಲ್ಲ. ಆ ವರ್ಷಗಳಲ್ಲಿ ಮುಂಬೈ–ಲಂಡನ್ ಹಾದಿ ಆಫ್ರಿಕಾ ಸುತ್ತಿ, ಸುಮಾರು 4,500 ನಾಟಿಕಲ್ ಮೈಲಿ ಹೆಚ್ಚು. 14–15 ನಾಟ್ ವೇಗದ ಹಡಗಿಗೆ ಹೋಗಲು 13 ದಿನ, ಬರಲು 13 ದಿನ ಹೆಚ್ಚುವರಿ. ಮನೆಯವರಿಗೆ ಆ ವರ್ಷಗಳಲ್ಲಿ ಕಾಗದ ತಡವಾಗಿ ಬರುತ್ತಿದ್ದುದಕ್ಕೆ ಇದೂ ಕಾರಣ.

ಡರ್ಬನ್ ಠಸ್ಸೆ ಇದ್ದರೆ ಬಹುಮಟ್ಟಿಗೆ ಬ್ರಿಟಿಷ್ ಹಡಗಿನ ಕಾಲದ್ದು. ಭಾರತ 1946ರಿಂದಲೇ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತ್ತು.

ಸಿಂಗಪುರ ಮುಟ್ಟಿದ್ದರೆ ಅಲ್ಲಿನ ಹಳೆ ಪತ್ರಿಕೆಗಳ ಅಂತರ್ಜಾಲ ಸಂಗ್ರಹದಲ್ಲಿ ಹಡಗು ಬಂದದ್ದು ಹೋದದ್ದರ ಕಾಲಂ ಸಿಗುತ್ತದೆ. ರೇಡಿಯೊ ಟೆಲಿಗ್ರಾಂನ ತಲೆಸಾಲಿನಲ್ಲಿ ಹಡಗಿನ ಹೆಸರು, ಕರಾವಳಿ ನಿಲ್ದಾಣದ ಹೆಸರು, ಪದಗಳ ಲೆಕ್ಕ, ತಾರೀಖು, ಹೊತ್ತು ಇರುತ್ತದೆ. ಬಾಂಬೆ ರೇಡಿಯೊದ ಕರೆಸಂಜ್ಞೆ ವಿಡಬ್ಲ್ಯುಬಿ, ಮದ್ರಾಸಿನದು ವಿಡಬ್ಲ್ಯುಎಂ.

ಉಳ್ಳಾಲದಲೆ
ಎಲ್ಲ ಸರಿ, ಆದರೆ ಇದರಲ್ಲಿ ಮನೆ ಎಲ್ಲಿ ಉಂಟು? ಹಡಗು, ಟನ್ನು, ನಂಬರು ಬರೆದರೆ ಹಡಗಿನ ಚರಿತ್ರೆ ಆಯಿತು, ಅಪ್ಪನದ್ದಲ್ಲ. ಇವರು ಸಂಸಾರಸ್ಥರು.

ಸಿಡಿಸಿಯಲ್ಲೇ ಮನೆಯ ಲೆಕ್ಕವೂ ಉಂಟು, ನಮೂದುಗಳ ನಡುವಿನ ಖಾಲಿ ಜಾಗದಲ್ಲಿ. ಒಂದು ಸೈನ್ ಆಫ್ ತಾರೀಖಿನಿಂದ ಮುಂದಿನ ಸೈನ್ ಆನ್ ತನಕ ಎಷ್ಟು ದಿನ, ಅದು ಅವರು ದಡದಲ್ಲಿದ್ದ ದಿನ. 28 ವರ್ಷದ್ದು ಕೂಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಮಕ್ಕಳು ಹುಟ್ಟಿದ್ದು, ಮನೆ ಕಟ್ಟಿದ್ದು, ಅಜ್ಜಿ ತೀರಿದ್ದು, ಮದುವೆಗಳು. ಯಾವುದಕ್ಕೆ ಅವರಿದ್ದರು, ಯಾವುದಕ್ಕೆ ಇರಲಿಲ್ಲ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಆಮೇಲೆ ಆ ಕಾಲಂ ಹಿಡಿದುಕೊಂಡು ಅಮ್ಮನ ಹತ್ತಿರ ಕೂತು ಕೇಳಿ. ಅಪ್ಪ ಇಲ್ಲದ ದಿನಗಳಲ್ಲಿ ಮನೆ ನಡೆಸಿದ್ದು ಅವರು, ಪುಸ್ತಕದ ಅರ್ಧ ಅವರದ್ದು.

ಹಳೆಬಂದರು
ನೀವು ಹೇಳಿದ್ದು ಒಪ್ಪುತ್ತೇನೆ, ಆದರೆ ಹಡಗಿನ ಪಟ್ಟಿ ಮೊದಲು ಆಗಬೇಕು. ನೆನಪು ವರ್ಷ ಬದಲಿಸುತ್ತದೆ. ತಾರೀಖು ಮುಂದೆ ಇಟ್ಟು ಕೇಳಿದರೆ ಮಾತು ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ.

ಇನ್ನೊಂದು ತಿದ್ದುಪಡಿ. ಆ ಖಾಲಿ ದಿನಗಳೆಲ್ಲ ಮನೆಯಲ್ಲಿ ಕಳೆದದ್ದಲ್ಲ. 1958ರ ಮರ್ಚಂಟ್ ಶಿಪ್ಪಿಂಗ್ ಕಾಯಿದೆಯ ಪ್ರಕಾರ ಖಲಾಸಿಗಳಿಗೆ ಮುಂಬೈ ಅಥವಾ ಕಲ್ಕತ್ತಾದ ಸೀಮೆನ್ಸ್ ಎಂಪ್ಲಾಯ್ಮೆಂಟ್ ಆಫೀಸಿನ ರೋಸ್ಟರ್ ಮೇಲೆ ಸರದಿ. ಕಂಪನಿ ರೋಸ್ಟರಿನಲ್ಲಿದ್ದರೆ ಬೇಗ, ಜನರಲ್ ರೋಸ್ಟರಿನಲ್ಲಿದ್ದರೆ ಮುಂಬೈಯಲ್ಲೇ ವಾರಗಟ್ಟಲೆ ತಿಂಗಳುಗಟ್ಟಲೆ ಕಾಯುವುದು. ಊರಿನಿಂದ ಹೋಗಿ ಬರುವ ದಿನವನ್ನೂ ಕಳೆಯಿರಿ, ಕೊಂಕಣ ರೈಲು ಪೂರ್ತಿ ಓಡಿದ್ದು 1998ರ ಜನವರಿಯಲ್ಲಿ.

ಉಳ್ಳಾಲದಲೆ
ಸರಿ, ಹಾಗಾದರೆ ಮೂರು ಕಾಲಂ: ಹಡಗು, ಮುಂಬೈ, ಮನೆ. ಮುಂಬೈಯಿಂದ ಹಾಕಿದ ಇನ್‌ಲ್ಯಾಂಡ್ ಲೆಟರ್ ಇದ್ದರೆ ಕಾಯುತ್ತಿದ್ದ ದಿನ ಸಿಗುತ್ತದೆ.

ತಾರ್ವಟಿ
ಸಂಬಳದ ಚೀಟಿಯನ್ನು ಯಾರೂ ಮುಟ್ಟಲಿಲ್ಲ! ಮನೆ ಕಾಣುವುದು ಅಲ್ಲಿ. ‘ಅಲಾಟ್‌ಮೆಂಟ್’ ಅಂತ ಒಂದು ಕಡಿತ ಇರುತ್ತದೆ, ಅದು ತಿಂಗಳು ತಿಂಗಳು ಮನೆಗೆ ಕಳಿಸಲು ಸೈನ್ ಆನ್ ಆಗುವಾಗಲೇ ಬರೆದುಕೊಟ್ಟ ಪಾಲು. ಸಂಬಳದಲ್ಲಿ ಎಷ್ಟು ಭಾಗ ಅಂತ ವರ್ಷವಾರು ಬರೆಯಿರಿ. ಮಗಳ ಮದುವೆಯ ವರ್ಷ ಅದು ಏರಿತಾ, ಓವರ್‌ಟೈಮ್ ಗಂಟೆ ಹೆಚ್ಚಾಯಿತಾ ನೋಡಿ. ‘ಸ್ಲಾಪ್ ಚೆಸ್ಟ್’ ಅನ್ನುವುದು ಹಡಗಿನ ಅಂಗಡಿಯ ಬಾಕಿ: ಸಾಬೂನು, ಸಿಗರೇಟು, ಬಟ್ಟೆ. ‘ಕ್ಯಾಶ್ ಅಡ್ವಾನ್ಸ್’ ಅಂದರೆ ಬಂದರಿನಲ್ಲಿ ಇಳಿದಾಗ ತೆಗೆದುಕೊಂಡ ಹಣ. ಮನೆಗೆ ತಂದ ಸಾಮಾನಿಗೆ ದುಡ್ಡು ಹೋದದ್ದು ಅಲ್ಲಿಂದಲೇ. ಪಿ.ಎಫ್. ಚೀಟಿ ಇದ್ದರೆ ಎಸೆಯಬೇಡಿ. ಖಲಾಸಿಗಳಿಗೆ ಪ್ರತ್ಯೇಕ ಪ್ರಾವಿಡೆಂಟ್ ಫಂಡ್ ಕಾಯಿದೆ 1966ರದ್ದು, ಸಿಡಿಸಿಯ ಪುಟ ಹರಿದ ವರ್ಷಕ್ಕೆ ಕಂಪನಿ ಯಾವುದು ಅಂತ ಹೊಂದಿಸಲು ಸಹಾಯ ಆದೀತು.

ಪಡುಕರೆ
ಇಷ್ಟೆಲ್ಲ ಸಿಗುತ್ತದೆ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಎರಡು ಸಿಡಿಸಿಯ 19 ನಮೂದು ಇವತ್ತೇ ಶೀಟಿಗೆ ಹಾಕುತ್ತೇನೆ. ಕ್ಯಾಸೆಟ್ ಒಂದು ಉಳಿಯಿತು. ಅಪ್ಪ ಮಾತಾಡಿ ಕಳಿಸಿದ್ದು ಮೂರು, ಅಮ್ಮ ತಿರುಗಿ ಕಳಿಸಿದ್ದು ಮೂರು. ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿ ನೋಡಲಾ?

ಕಾಗದಪತ್ರ
ಬೇಡ, ನಿಲ್ಲಿ! ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಚಿಕ್ಕ ಟ್ಯಾಬ್ ಮುರಿಯಿರಿ, ಇಲ್ಲದಿದ್ದರೆ ರೆಕಾರ್ಡ್ ಗುಂಡಿ ತಾಗಿದ ಗಳಿಗೆ ಧ್ವನಿ ಅಳಿಸಿತು. ಕಿಟಕಿಯಲ್ಲಿ ಟೇಪಿನ ಅಂಚು ಬೆಳ್ಳಗೆ ಕಂಡರೆ ಬೂಷ್ಟು, ಅಂಥದ್ದನ್ನು ಓಡಿಸಬೇಡಿ, ಮಾಸ್ಕ್ ಹಾಕಿಕೊಂಡು ಬೇರೆ ಚೀಲದಲ್ಲಿಡಿ. ಬೂಷ್ಟಿಲ್ಲದ್ದಕ್ಕೆ ಟೇಪ್ ಒತ್ತುವ ಪುಟ್ಟ ಸ್ಪಂಜು ಜಾಗದಲ್ಲಿದೆಯಾ ನೋಡಿ, ಹೆಚ್ಚಾಗಿ ಅಂಟು ಬಿಟ್ಟು ಬಿದ್ದಿರುತ್ತದೆ. ಸ್ಕ್ರೂ ಇರುವ ಹೊಸ ಖಾಲಿ ಕ್ಯಾಸೆಟ್ ಬಿಚ್ಚಿ ಅದರೊಳಗೆ ಈ ಎರಡು ಸುರುಳಿ ಕೂರಿಸಬಹುದು. ಟೇಪ್ ತುಂಡಾಗಿದ್ದರೆ ಸ್ಪ್ಲೈಸಿಂಗ್ ಟೇಪೇ ಬೇಕು, ಸೆಲ್ಲೋಟೇಪಿನ ಅಂಟು ಪಕ್ಕದ ಸುತ್ತಿಗೆ ಹಿಡಿಯುತ್ತದೆ.

ಹೆಡ್ಡನ್ನು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿ, ಯಾವುದಾದರೂ ಬೇಡದ ಕ್ಯಾಸೆಟ್ ಹತ್ತು ನಿಮಿಷ ಓಡಿಸಿ ಯಂತ್ರ ಟೇಪ್ ತಿನ್ನುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಅಪ್ಪನದ್ದು ಹಾಕಿ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ರೆಕಾರ್ಡ್ ಆಗುತ್ತಿರಲಿ, 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲು. ‘ಸುಮ್ಮನೆ ಒಮ್ಮೆ ಕೇಳೋಣ’ ಅಂತ ಓಡಿಸಬೇಡಿ, ಹಳೆ ಟೇಪ್ ಎರಡನೇ ಸಲ ಓಡದೆಯೂ ಇರಬಹುದು. ಮಧ್ಯದ ಮೌನವನ್ನು ಕತ್ತರಿಸಬೇಡಿ, ಅದರ ಹಿಂದೆ ಎಂಜಿನ್ನಿನ ಸದ್ದು ಇರುತ್ತದೆ.

ಉಳ್ಳಾಲದಲೆ
ಅಮ್ಮ ಕಳಿಸಿದ ಮೂರನ್ನು ಮೊದಲು ಮಾಡಿ. ಕೇಳುವಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವ ವರ್ಷದ್ದು ಅಂತ ಅವರೇ ಹೇಳಿಯಾರು.